ಕೂಸಿನ ಸರಿ ನೀರಾಗಬಾರದು: ಮೊದಲ ವರ್ಷದ ಊಟಕ್ಕೊಂದು ಮಾರ್ಗದರ್ಶಿ

ಮಂಡ್ಯ, ಮೈಸೂರು ಕಡೆ ಕೂಸಿಗೆ ಆರು ತಿಂಗಳು ಹತ್ತಿರ ಬಂತು ಅಂದರೆ ಅಜ್ಜಿ ಸರಿಗೆ, ಅಂದರೆ ಕೂಸಿಗೆ ಕಾಯಿಸುವ ರಾಗಿ ಗಂಜಿಗೆ, ರಾಗಿ ನೆನೆಹಾಕುತ್ತಾರೆ. ಇದು ಒಳ್ಳೆಯ ಪದ್ಧತಿ. ಆದರೆ ಆ ರಾಗಿ ಕೂಸಿನ ಬಾಯಿಗೆ ಹೋಗುವ ಹೊತ್ತಿಗೆ ಬಹಳ ಮನೆಗಳಲ್ಲಿ ನೀರಾಗಿರುತ್ತದೆ. "ಗಟ್ಟಿ ಆದ್ರೆ ಮಗಕ್ಕೆ ಅರಗಲ್ಲ" ಅನ್ನುವ ಭಯ. ಬೇಳೆಯ ಬದಲು ಬೇಳೆಕಟ್ಟು, ಅನ್ನದ ಬದಲು ಗಂಜಿ ತಿಳಿ, ಮಾಂಸದ ಬದಲು ಕಾಲು ಸೂಪು. ಹೊಟ್ಟೆಯೇನೋ ತುಂಬುತ್ತದೆ, ತೂಕ ಮಾತ್ರ ಏರುವುದಿಲ್ಲ.

ಏಳು ಕೆಜಿ ತೂಗುವ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ ಒಂದು ಲೋಟ, 200 ಮಿಲಿಲೀಟರ್ ಆಸುಪಾಸು. ಅದೇ ಕೂಸು ಹುಟ್ಟಿದಾಗಿನ ತೂಕವನ್ನು ಐದಾರು ತಿಂಗಳಿಗೆ ಎರಡು ಪಟ್ಟು, ವರ್ಷ ತುಂಬುವಾಗ ಮೂರು ಪಟ್ಟು ಮಾಡಿಕೊಳ್ಳಬೇಕು. ಇಷ್ಟು ಸಣ್ಣ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಕೆಲಸ ಆಗಬೇಕು ಅಂದರೆ ಪ್ರತಿ ಚಮಚದಲ್ಲೂ ಸತ್ವ ಇರಬೇಕು, ಅಲ್ವಾ? ಹುಟ್ಟಿದ ದಿನದಿಂದ ವರ್ಷದವರೆಗೆ ನೀವು ಮಾಡುವ ಪ್ರತಿಯೊಂದು ಆಯ್ಕೆಯಲ್ಲೂ ಇದೊಂದನ್ನು ಕೇಳಿಕೊಳ್ಳಿ: ಈ ಚಮಚದಲ್ಲಿ ಊಟ ಇದೆಯೋ, ಬರೀ ನೀರಿದೆಯೋ?

ಮೊದಲ ಹೆಜ್ಜೆ: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು

ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರ ಬಂದ ಕೂಡಲೇ ಕೂಸನ್ನು ಎದೆಗೆ ಹಾಕಿ ಅಂತ ನರ್ಸ್ ಅಕ್ಕನನ್ನು ಕೇಳಿ. ಮೊದಲ ಎರಡು ಮೂರು ದಿನ ಬರುವ ದಪ್ಪ ಹಳದಿ ಹಾಲು ನೋಡಲು ಕಡಿಮೆ ಅನ್ನಿಸುತ್ತದೆ. ಮೊದಲ ದಿನಗಳಲ್ಲಿ ಕೂಸಿಗೆ ಬೇಕಾಗಿರುವುದೂ ಅಷ್ಟೇ. ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿರುತ್ತದೆ. ಅದನ್ನು ಹಿಂಡಿ ಚೆಲ್ಲಬೇಡಿ.

ಈ ಹೊತ್ತಿನಲ್ಲೇ ಜೇನುತುಪ್ಪ ನೆಕ್ಕಿಸುವ ಶಾಸ್ತ್ರ ಬರುತ್ತದೆ. ದಯವಿಟ್ಟು ಬೇಡ. ಜೇನಿನಲ್ಲಿ ಬಾಟುಲಿಸಂ ರೋಗದ ಬೀಜಾಣು ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ, ಕೂಸಿನ ಕರುಳಿನಲ್ಲಿ ಅದು ಮೊಳೆತು ವಿಷ ಬಿಡುತ್ತದೆ, ಕೈಕಾಲು ಸೋಲುತ್ತವೆ, ಉಸಿರಾಟಕ್ಕೂ ತೊಂದರೆಯಾಗುತ್ತದೆ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಸಕ್ಕರೆ ನೀರು, ಹರಳೆಣ್ಣೆ, ತೇದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಕಿಲ್ಲ.

ಆರು ತಿಂಗಳು ತುಂಬುವವರೆಗೆ

180 ದಿನ ಎದೆಹಾಲು ಮಾತ್ರ. ನೀರೂ ಬೇಡ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ "ಪಾಪ, ಬಾಯಿ ಒಣಗ್ತದೆ" ಅಂತ ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಎದೆಹಾಲಿನಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಭಾಗ ನೀರೇ ಇರುತ್ತದೆ. ಸೆಕೆ ಇದ್ದರೆ ಇನ್ನೊಂದು ಸಲ ಹಾಲು ಕೊಡಿ, ಸಾಕು. ಆ ಪುಟ್ಟ ಹೊಟ್ಟೆಯಲ್ಲಿ ನೀರು ಕೂತರೆ ಹಾಲಿಗೆ ಜಾಗ ಇರುವುದಿಲ್ಲ. ಜೊತೆಗೆ ಬೇಧಿಯ ಭಯ.

ಮೊದಲ ವಾರಗಳಲ್ಲಿ ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕೊಡಬೇಕಾಗುತ್ತದೆ. ಗಡಿಯಾರ ನೋಡಬೇಡಿ, ಕೂಸನ್ನು ನೋಡಿ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಹಾಕಿಕೊಳ್ಳುವುದು, ತಲೆ ಅತ್ತಿತ್ತ ಆಡಿಸುವುದು ಹಸಿವಿನ ಗುರುತು. ಅಳು ಕೊನೆಗೆ ಬರುತ್ತದೆ. ಮೊಲೆತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಆದಷ್ಟು ಕೂಸಿನ ಬಾಯೊಳಗೆ ಹೋಗಬೇಕು. ತೊಟ್ಟು ಬಿರಿದು ನೋಯುತ್ತಿದ್ದರೆ ಬಹುತೇಕ ಹಿಡಿಸುವ ರೀತಿ ತಪ್ಪಿದೆ ಅಂತಲೇ ಅರ್ಥ. ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ನರ್ಸನ್ನೋ ಕರೆದು ತೋರಿಸಿ.

ನಮ್ಮಲ್ಲಿ ಎದೆಹಾಲು ಬೇಗ ನಿಲ್ಲುವುದಕ್ಕೆ ದೊಡ್ಡ ಕಾರಣ ಒಂದು ಮಾತು: "ಹಾಲು ಸಾಲ್ದು ಕಣವ್ವ, ಅದಕ್ಕೇ ಅಳ್ತದೆ." ಬಾಣಂತಿಯ ಧೈರ್ಯ ಅಲ್ಲಿಗೇ ಕುಸಿಯುತ್ತದೆ. ಹಾಲು ಸಾಲುತ್ತಿದೆಯೋ ಇಲ್ಲವೋ ತಿಳಿಯಲು ಅಳು ಅಳತೆಯಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೋಗುತ್ತಿದ್ದರೆ, ತೂಕ ಏರುತ್ತಿದ್ದರೆ ಸಾಲುತ್ತಿದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಮತ್ತೆ ಬರುತ್ತದೆ. ಬರದಿದ್ದರೆ ವೈದ್ಯರಿಗೆ ತೋರಿಸಿ. ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ. ನಡುವೆ ಬಾಟಲಿ ಕೊಟ್ಟರೆ ಚೀಪುವುದು ಕಮ್ಮಿ, ಹಾಲೂ ಕಮ್ಮಿ. ಹಾಗೆ ಆ ಮಾತು ನಿಜವಾಗಿಬಿಡುತ್ತದೆ.

ಬಾಣಂತಿಗೆ ನೀರು ಕಟ್ಟುವ ಮನೆಗಳು ಇನ್ನೂ ಇವೆ. ಬಾಯಾರಿದಷ್ಟು ನೀರು ಕುಡಿಯಲಿ. ಸೊಪ್ಪು, ಬೇಳೆ, ಮೊಟ್ಟೆ, ಹಣ್ಣು ಎಲ್ಲ ತಿನ್ನಲಿ.

ಹಸುವಿನ ಹಾಲಿನ ಮಾತು ಬೇರೆಯಾಗಿ ಹೇಳಬೇಕು. ಮಂಡ್ಯದಲ್ಲಿ ಹಸು ಇರುವ ಮನೆಗೆ, ದಿನಾ ಡೈರಿಗೆ ಹಾಲು ಹಾಕುವ ಮನೆಗೆ, "ನಮ್ಮ ಹಸು ಹಾಲು, ಕಲಬೆರಕೆ ಇಲ್ಲ" ಅನ್ನುವ ನಂಬಿಕೆ ಇರುತ್ತದೆ. ಹಾಲು ಶುದ್ಧವೇ ಇರಬಹುದು, ಆದರೆ ಅದು ಕರುವಿಗೆ ಹೊಂದುವ ಹಾಲು. ಅದರಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಪ್ರೋಟೀನು, ಲವಣ ಕೂಸಿನ ಮೂತ್ರಪಿಂಡಕ್ಕೆ ಹೊರೆ. ಕೆಲವು ಕೂಸುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ನೀರು ಬೆರೆಸಿ ಕೊಟ್ಟರೆ ಹೊರೆ ತಗ್ಗಬಹುದು, ಸತ್ವವೂ ಹೋಗುತ್ತದೆ. ವರ್ಷ ತುಂಬುವವರೆಗೆ ಹಸು, ಎಮ್ಮೆ, ಮೇಕೆ ಹಾಲನ್ನು ಕುಡಿಯಲು ಕೊಡುವುದು ಬೇಡ. ನಿಜಕ್ಕೂ ಎದೆಹಾಲು ಸಿಗದ ಸ್ಥಿತಿ ಇದ್ದರೆ ವೈದ್ಯರು ಹೇಳಿದ ಪುಡಿ ಹಾಲನ್ನು, ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸಿ. ದುಬಾರಿ ಅಂತ ತೆಳ್ಳಗೆ ಮಾಡಬೇಡಿ. ಕೊಡುವಾಗ ಬಾಟಲಿಗಿಂತ ಸಣ್ಣ ಲೋಟ, ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆ ಒಳ್ಳೆಯದು. ಕುದಿಸಿ ತೊಳೆಯಲು ಸುಲಭ, ಮೂಲೆಯಲ್ಲಿ ಹಾಲು ಕೂರುವುದಿಲ್ಲ. ಕೂಸನ್ನು ಸ್ವಲ್ಪ ಎತ್ತಿ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ತಾನೇ ನೆಕ್ಕಿ ಕುಡಿಯುವಂತೆ ಹಿಡಿಯಿರಿ. ಪುಡಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. ಎದೆಹಾಲು ಎಷ್ಟು ಮುಖ್ಯ ಅನ್ನುವುದಕ್ಕೆ ಅದೊಂದೇ ಸಾಕ್ಷಿ ಸಾಕು.

ಕೆಲಸಕ್ಕೆ ಹೋಗುವ ತಾಯಂದಿರಿಗೆ: ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆಯನ್ನು ಕಾನೂನು ಕೊಡುತ್ತದೆ. ಗಾರ್ಮೆಂಟ್ಸ್‌ನಲ್ಲಿ ಇರುವವರು ಇದನ್ನು ಕೇಳಿ ತಿಳಿದುಕೊಳ್ಳಿ. ಗದ್ದೆ ಕೆಲಸ, ಕೂಲಿ ಕೆಲಸದವರಿಗೆ ಆ ಸೌಕರ್ಯ ಇಲ್ಲ. ಅವರಿಗೆ ಹಾಲು ಹಿಂಡಿ ಇಡುವುದೇ ದಾರಿ. ಕುದಿಸಿ ಒಣಗಿಸಿದ ಮುಚ್ಚಳದ ಸ್ಟೀಲ್ ಬಟ್ಟಲಿಗೆ ಹಿಂಡಿ. ತಣ್ಣನೆ ಜಾಗದಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು. ಒಲೆ ಮೇಲೆ ಕಾಯಿಸಬೇಡಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ.

ವಿಟಮಿನ್ ಡಿ ಮರೆಯಬೇಡಿ. ದಿನಕ್ಕೆ 400 ಯೂನಿಟ್ ಹನಿ, ಹುಟ್ಟಿದ ಮೊದಲ ದಿನಗಳಿಂದ ವರ್ಷದವರೆಗೆ. ಎದೆಹಾಲಿನಲ್ಲಿ ಇದೊಂದು ಸಾಕಷ್ಟು ಇರುವುದಿಲ್ಲ. ಎಷ್ಟು ಹನಿ ಅನ್ನುವುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ, ಬೇರೆ ಬೇರೆ ಬಾಟಲಿಯ ಅಳತೆ ಬೇರೆ ಬೇರೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸಿಗೆ ಎಲ್ಲ ಲೆಕ್ಕವೂ ಬೇರೆ. ಅಂಥವರು ವೈದ್ಯರ ಮಾತಿನಂತೆ ನಡೆಯಿರಿ.

ಮೊಳಕೆ ರಾಗಿ ಹಿಟ್ಟು ಮಾಡುವ ಬಗೆ

ಆರು ತಿಂಗಳಿಗೆ ಮೇಲೂಟ, ಅಂದರೆ ಎದೆಹಾಲಿನ ಜೊತೆಗಿನ ಊಟ, ಶುರುವಾಗಲೇಬೇಕು. ಹುಟ್ಟುವಾಗ ಕೂಸು ತಂದ ಕಬ್ಬಿಣದ ಅಂಶ ಅಷ್ಟರಲ್ಲಿ ಕರಗುತ್ತಾ ಬಂದಿರುತ್ತದೆ. ಅನ್ನಪ್ರಾಶನದ ಮುಹೂರ್ತ ಐದನೇ ತಿಂಗಳಿಗೆ ಬಂದರೆ ಶಾಸ್ತ್ರಕ್ಕೆ ತುಟಿಗೆ ಮುಟ್ಟಿಸಿ ಬಿಡಿ, ಊಟ ಆರಕ್ಕೇ ಇರಲಿ. ಕತ್ತು ನಿಂತಿರಬೇಕು, ಒರಗಿಸಿದರೆ ಕೂರಬೇಕು, ಚಮಚ ಕಂಡರೆ ಬಾಯಿ ತೆರೆಯಬೇಕು, ಬಾಯಿಗೆ ಇಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳಬಾರದು.

ರಾಗಿ ವಿಷಯದಲ್ಲಿ ನಮ್ಮ ಸೀಮೆಗೆ ಹೆಮ್ಮೆ ಪಡುವ ಹಕ್ಕಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೇ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿಕೊಟ್ಟರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು 120ರ ಆಸುಪಾಸು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ಮೊಳಕೆ ರಾಗಿ, ಮೊಳಕೆ ಹೆಸರುಕಾಳು ಸೇರಿಸಿ ಮಾಡುವ ಕೂಸಿನ ಆಹಾರದ ಬಗ್ಗೆ ಸಂಶೋಧನೆ ನಡೆದಿದೆ. ಅಜ್ಜಿಯರ ಪದ್ಧತಿಗೆ ಕಾರಣ ಅಲ್ಲಿ ಸಿಗುತ್ತದೆ. ರಾಗಿ ಮೊಳಕೆ ಒಡೆಯುವಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಮೊಳಕೆ ಹಿಟ್ಟನ್ನು ಜಾಸ್ತಿ ಹಾಕಿದರೂ ಸರಿ ಮುದ್ದೆಗಟ್ಟುವುದಿಲ್ಲ, ನುಂಗಲು ಹದವಾಗಿರುತ್ತದೆ. ಸಾದಾ ರಾಗಿ ಹಿಟ್ಟಾದರೆ ಸ್ವಲ್ಪಕ್ಕೇ ಗಟ್ಟಿಯಾಗುತ್ತದೆ, ಅಮ್ಮ ಇನ್ನಷ್ಟು ನೀರು ಹುಯ್ಯುತ್ತಾಳೆ. ನೀರಿನ ಕಷ್ಟಕ್ಕೆ ಪರಿಹಾರ ಮೊಳಕೆಯಲ್ಲೇ ಇದೆ. ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಅಂಶವೂ ಮೊಳಕೆಯಲ್ಲಿ ತಗ್ಗುತ್ತದೆ.

ಒಂದು ಕೆಜಿ ರಾಗಿ ತೆಗೆದುಕೊಳ್ಳಿ. ಮೂರು ನಾಲ್ಕು ನೀರಿನಲ್ಲಿ ತೊಳೆದು, ಜಾಲಿಸಿ ಕಲ್ಲು ತೆಗೆಯಿರಿ. ರಾತ್ರಿಯೆಲ್ಲ ನೆನೆಯಲಿ. ಬೆಳಗ್ಗೆ ನೀರು ಬಸಿದು, ಕುದಿಸಿ ಒಣಗಿಸಿದ ಕಾಟನ್ ಬಟ್ಟೆಯಲ್ಲಿ ಕಟ್ಟಿ. ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ನಡುವೆ ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಹುಳಿ ವಾಸನೆ ಬಂದರೆ, ಬೂಸ್ಟು ಕಂಡರೆ ಪೂರ್ತಿ ಬಿಸಾಡಿ, ತೊಳೆದು ಬಳಸಬೇಡಿ. ಮೊಳಕೆ ಬಂದದ್ದನ್ನು ತೆಳ್ಳಗೆ ಹರಡಿ ಗರಿಗರಿಯಾಗಿ ಒಣಗಿಸಿ. ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಮೊಳಕೆಯ ಎಳೆಗಳು ಹಾರಿಹೋಗುತ್ತವೆ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಜಾಸ್ತಿ ಹುರಿದರೆ ಕಿಣ್ವ ಸತ್ತು, ಪಟ್ಟ ಶ್ರಮ ವ್ಯರ್ಥ.

ಮಿಲ್ಲಿಗೆ ಕೊಡುವಾಗ ಹಿಂದೆ ಯಾರದ್ದು ಬೀಸಿದ್ದಾರೆ ಅಂತ ಕೇಳಿ. ಖಾರದ ಪುಡಿ ಬೀಸಿದ ಮಿಷನ್ನಿಗೆ ಕೂಸಿನ ರಾಗಿ ಬೀಳಬಾರದು. ಯಾರಾದರೂ ರಾಗಿಯನ್ನೋ ಅಕ್ಕಿಯನ್ನೋ ಬೀಸಿಸಿದ ಮೇಲೆ ಹಾಕಿಸಿ. ಮೊದಲ ತಿಂಗಳು ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿ ಬಳಸಿ. ಆಮೇಲೆ ಸಾಮಾನ್ಯ ಜರಡಿ ಸಾಕು, ಏಕೆಂದರೆ ಸಿಪ್ಪೆಯ ಜೊತೆ ಕ್ಯಾಲ್ಸಿಯಂ ಸಹ ಹೋಗುತ್ತದೆ. ಬಾದಾಮಿ, ಗೋಡಂಬಿ, ಹತ್ತು ಧಾನ್ಯ ಸೇರಿಸಿದ ಹಿಟ್ಟು ಮೊದಲಿಗೆ ಬೇಡ. ಯಾವುದು ಒಗ್ಗಲಿಲ್ಲ ಅಂತ ಗೊತ್ತಾಗುವುದಿಲ್ಲ. ಬರೀ ರಾಗಿ ಒಗ್ಗಿದ ಮೇಲೆ ಎರಡು ಪಾಲು ರಾಗಿಗೆ ಒಂದು ಪಾಲು ಹೆಸರುಕಾಳು ಹಾಕಿ ಬೀಸಿಸಿ.

ಸರಿ ಕಾಯಿಸುವಾಗ ಒಂದು ದೊಡ್ಡ ಚಮಚ ಹಿಟ್ಟಿಗೆ ಅರ್ಧ ಲೋಟ ತಣ್ಣೀರು. ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿಡಿ. ನಿಧಾನವಾಗಿ ಬಿಸಿಯಾದಾಗಲೇ ಕಿಣ್ವ ಕೆಲಸ ಮಾಡುವುದು. ಕುದಿ ಬಂದ ಮೇಲೂ ಐದಾರು ನಿಮಿಷ ಕೈ ಬಿಡದೆ ತಿರುವಿ. ತೆಳ್ಳಗಾಯಿತು ಅನ್ನಿಸಿದರೆ ಮುಂದಿನ ಸಲ ಹಿಟ್ಟು ಹೆಚ್ಚಿಸಿ. ಕೊನೆಗೆ ಅರ್ಧ ಟೀ ಚಮಚ ತುಪ್ಪ. ಪರೀಕ್ಷೆ ಒಂದೇ: ಚಮಚ ಓರೆ ಮಾಡಿದರೆ ಸರಿ ಹರಿದು ಬೀಳಬಾರದು, ನಿಂತು ನಿಧಾನವಾಗಿ ಜಾರಬೇಕು. ಕಿಚಡಿ ತೀರ ಗಟ್ಟಿಯಾದಾಗಲೂ ನೀರಿನ ಬದಲು ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿ ನೋಡಿ, ಕೆಲವು ನಿಮಿಷದಲ್ಲಿ ಸಡಿಲವಾಗುತ್ತದೆ. ಅದನ್ನು ಮತ್ತೆ ಚೆನ್ನಾಗಿ ಕುದಿಸಿಯೇ ಕೊಡಬೇಕು.

ಆರರಿಂದ ಎಂಟು ತಿಂಗಳು

ಮೊದಲ ವಾರ ದಿನಕ್ಕೆ ಎರಡು ಸಲ, ಎರಡು ಮೂರು ಚಮಚ. ಎದೆಹಾಲು ಎಂದಿನಂತೆ ಇರಲಿ. ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಊಟ, ಪ್ರತಿ ಸಲ ಅರ್ಧ ಬಟ್ಟಲು (250 ಮಿಲಿಲೀಟರ್ ಬಟ್ಟಲು) ಆಗಬೇಕು. ಸರಿಯೊಂದೇ ಸಾಲದು. ಎರಡು ಮೂರು ಪಾಲು ಅಕ್ಕಿಗೆ ಒಂದು ಪಾಲು ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಸಿಹಿಗುಂಬಳವನ್ನೋ ಕ್ಯಾರೆಟ್ಟನ್ನೋ ಸೇರಿಸಿ, ಚಮಚದ ಹಿಂಬದಿಯಲ್ಲಿ ಮಸೆದು ಕೊಡಿ. ಹಣ್ಣಾದ ಬಾಳೆ, ಪರಂಗಿ, ಸಪೋಟ ಕಿವುಚಿ ಕೊಡಿ. ಹಣ್ಣಿನ ರಸ ಬೇಡ.

ಮೊಟ್ಟೆ ತಿನ್ನುವ ಮನೆಯಾದರೆ ವರ್ಷದವರೆಗೆ ಕಾಯಬೇಡಿ. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಈಗಲೇ ಶುರುಮಾಡಬಹುದು, ಹಳದಿ ಬಿಳಿ ಎರಡೂ. ಕಡಲೆಕಾಯಿ ಬೀಜವನ್ನು ನುಣ್ಣಗೆ ಪುಡಿ ಮಾಡಿ ಸರಿಗೆ ಬೆರೆಸಿ, ಇಡೀ ಬೀಜ ಮಾತ್ರ ಬೇಡ. ಹೊಸದೊಂದನ್ನು ಕೊಟ್ಟ ಮೇಲೆ ಮೂರು ದಿನ ಬಿಟ್ಟು ಇನ್ನೊಂದು. ಮೈಮೇಲೆ ದದ್ದು, ತುಟಿ ಊತ, ವಾಂತಿ ಕಂಡರೆ ಅದನ್ನು ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಉಸಿರಾಡಲು ಕಷ್ಟವಾದರೆ ಒಂದು ನಿಮಿಷವೂ ತಡ ಮಾಡಬೇಡಿ.

ಬಾಡೂಟದ ಮನೆಗಳಲ್ಲಿ ಕೂಸಿಗೆ ಕಾಲು ಸೂಪು ಕೊಟ್ಟು ತೃಪ್ತಿಪಡುತ್ತಾರೆ. ಸೂಪಿನಲ್ಲಿ ರುಚಿ ಇದೆ, ಕಬ್ಬಿಣ ಇರುವುದು ಮಾಂಸದಲ್ಲಿ, ಈಲಿಯಲ್ಲಿ (ಲಿವರ್). ಖಾರ ಹಾಕುವ ಮುಂಚೆ ಒಂದು ಮೆತ್ತನೆ ತುಂಡು ತೆಗೆದು, ನಾರು ನಾರಾಗಿ ಬಿಡಿಸಿ, ಅರೆದು ಅನ್ನಕ್ಕೆ ಕಲಸಿ. ಬಸ್ಸಾರಿನ ದಿನವೂ ಹೀಗೇ. ಬಸಿದ ಕಟ್ಟು ನಮಗೆ ಸಾರಾಗಲಿ, ಬೆಂದ ಕಾಳು ಸೊಪ್ಪು ಕೂಸಿಗೆ ಹೋಗಲಿ. ಉಪ್ಪು ಹಾಕುವ ಮೊದಲೇ ಒಂದು ಹಿಡಿ ಎತ್ತಿಟ್ಟು ಮಸೆದರೆ ಬೇರೆ ಅಡುಗೆಯೇ ಬೇಡ. ಅವರೆ ಕಾಲದಲ್ಲಿ ಹಿತಕಿದ ಬೇಳೆ ಮೆತ್ತಗೆ ಬೇಯಿಸಿ ಕೊಡಿ. ಸೊಪ್ಪು ಬೇಳೆಯ ಊಟಕ್ಕೆ ಎರಡು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಕಬ್ಬಿಣದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಕ್ಕಳಿಗೆ ರಕ್ತಹೀನತೆ ಕಂಡಿತು. ಅದಕ್ಕೇ ಆರು ತಿಂಗಳಿನಿಂದ ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್ ಕಬ್ಬಿಣದ ಸಿರಪ್ಪನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಆಶಾ ಅಕ್ಕ ಕೊಟ್ಟ ಬಾಟಲಿ ಕಪಾಟಿನಲ್ಲೇ ಉಳಿಯದಿರಲಿ. ಕಕ್ಕ ಕಪ್ಪಗಾದರೆ ಹೆದರಬೇಡಿ, ಅದು ಸಹಜ.

ಉಪ್ಪು, ಸಕ್ಕರೆ, ಬೆಲ್ಲ ವರ್ಷದೊಳಗೆ ಬೇಡ. ಸಕ್ಕರೆ ನಾಡಿನಲ್ಲಿ ಕೂತು, ಆಲೆಮನೆಯ ಬೆಲ್ಲವನ್ನು ಬೇಡ ಅನ್ನುವುದು ಕಷ್ಟ, ನನಗೂ ಗೊತ್ತು. ಬೆಲ್ಲದಲ್ಲಿ ಕಬ್ಬಿಣ ಇದೆ ಅನ್ನುತ್ತಾರೆ, ಆದರೆ ಕೂಸಿಗೆ ಹಾಕುವ ಚಿಟಿಕೆಯಲ್ಲಿ ಸಿಗುವುದು ಲೆಕ್ಕಕ್ಕಿಲ್ಲ. ಸಿಹಿಯ ರುಚಿ ಹತ್ತಿದರೆ ಸಪ್ಪೆ ಸೊಪ್ಪು ಬೇಳೆ ತಿನ್ನುವುದಿಲ್ಲ. ಬಾಳೆಹಣ್ಣಿನ ಸಿಹಿಯೇ ಸಾಕು. ಟೀ, ಟೀಯಲ್ಲಿ ಅದ್ದಿದ ಬಿಸ್ಕತ್ತು ಕೊಡಲೇಬೇಡಿ. ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಈಗ ನೀರು ಕೊಡಬಹುದು. ಕುದಿಸಿ ಆರಿಸಿದ್ದು, ಊಟದ ಜೊತೆ ಎರಡು ಗುಟುಕು, ಲೋಟದಲ್ಲಿ.

ತಿನ್ನಿಸುವ ರೀತಿ

ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಕೈ ಹಿಡಿದು, ಅಳುತ್ತಿರುವಾಗಲೇ ಒಳಲೆಯಲ್ಲಿ ಸರಿ ಹುಯ್ಯುವುದನ್ನು ಇಂದಿಗೂ ನೋಡುತ್ತೇವೆ. ಹೊಟ್ಟೆ ತುಂಬಲಿ ಅನ್ನುವ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಸರಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಈ ಪದ್ಧತಿ ಪೂರ್ತಿ ನಿಲ್ಲಬೇಕು. ನೆಟ್ಟಗೆ ಕೂರಿಸಿ, ಚಮಚದಲ್ಲಿ, ಮುಖ ನೋಡುತ್ತಾ ಮಾತಾಡಿಸುತ್ತಾ ತಿನ್ನಿಸಿ. ಮುಖ ತಿರುಗಿಸಿದರೆ ನಿಲ್ಲಿಸಿ. ಹೊಸ ರುಚಿಯನ್ನು ಉಗಿದರೆ ಇಷ್ಟವಿಲ್ಲ ಅಂತಲ್ಲ, ಎಂಟು ಹತ್ತು ಸಲ ಬೇರೆ ಬೇರೆ ದಿನ ಕೊಟ್ಟರೆ ಒಗ್ಗುತ್ತದೆ. ಮೊಬೈಲ್ ತೋರಿಸಿದರೆ ಕೂಸು ತಿನ್ನುವುದೇನೋ ನಿಜ, ಆದರೆ ಹೊಟ್ಟೆ ತುಂಬಿದ್ದು ಅದಕ್ಕೇ ತಿಳಿಯುವುದಿಲ್ಲ.

ಕೈಯನ್ನು ಸೋಪಿನಲ್ಲಿ ತೊಳೆಯಿರಿ, ಕೂಸಿನ ಕೈಯನ್ನೂ. ಮಾಡಿದ ಊಟ ಎರಡು ಗಂಟೆಯೊಳಗೆ ಮುಗಿಯಬೇಕು. ಬೆಳಗಿನ ಸರಿಯನ್ನು ಸಂಜೆಗೆ ಬಿಸಿ ಮಾಡಬೇಡಿ.

ಒಂಬತ್ತರಿಂದ ಹನ್ನೆರಡು

ಮಿಕ್ಸಿಯನ್ನು ಪಕ್ಕಕ್ಕಿಡಿ. ಹಲ್ಲು ಇಲ್ಲದಿದ್ದರೂ ಕೂಸು ವಸಡಿನಲ್ಲೇ ಅಗಿಯುತ್ತದೆ. ಹತ್ತು ತಿಂಗಳಾದರೂ ಬರೀ ನುಣ್ಣನೆಯದನ್ನೇ ಕೊಟ್ಟರೆ ಮುಂದೆ ಅನ್ನದ ಅಗುಳು ಸಿಕ್ಕರೂ ಓಕರಿಸುತ್ತದೆ. ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ತಿಂಡಿ. ಮೊಸರನ್ನ, ತುಪ್ಪ ಹಚ್ಚಿದ ಮೆತ್ತನೆ ಇಡ್ಲಿ, ಬೇಯಿಸಿದ ಸಿಹಿಗೆಣಸಿನ ತುಂಡು ಕೈಗೇ ಕೊಡಿ. ಮುದ್ದೆಯನ್ನು ನುಂಗಿಸಬೇಡಿ, ಬೇಳೆಯಲ್ಲಿ ಪೂರ್ತಿ ಕಿವುಚಿ ಕೊಡಿ. ಅರ್ಧ ನೆಲಕ್ಕೆ ಹೋಗುತ್ತದೆ, ಹೋಗಲಿ.

ಇಡೀ ಕಡಲೆಕಾಯಿ ಬೀಜ, ಕಡ್ಲೆಪುರಿ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳು. ಕೂಸು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಇಲ್ಲದೆ ಮುಖ ನೀಲಿಗಟ್ಟಿದರೆ, ತಲೆ ಕೆಳಗೆ ಬರುವಂತೆ ಮುಂಗೈ ಮೇಲೆ ಬೋರಲು ಹಾಕಿ ಬೆನ್ನ ನಡುವೆ ಅಂಗೈ ಬುಡದಿಂದ ಐದು ಸಲ ಬಡಿಯಿರಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬಾಯೊಳಗೆ ಕುರುಡಾಗಿ ಬೆರಳು ಹಾಕಬೇಡಿ.

ಬೇಧಿಯಾದಾಗ ಊಟ ಕಟ್ಟಬೇಡಿ. ಎದೆಹಾಲು, ಓಆರ್‌ಎಸ್, ವೈದ್ಯರು ಹೇಳಿದಷ್ಟು ದಿನ ಜಿಂಕ್, ಜೊತೆಗೆ ಮೆತ್ತನೆ ಊಟ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಜಾಸ್ತಿ ಇರಲಿ. ಉಚ್ಚೆ ನಿಂತರೆ, ಕಣ್ಣು ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನ ಗೆರೆಯಲ್ಲಿ ಗುರುತು ಮಾಡಿಸಿ. ಒಂದು ತಿಂಗಳ ಅಂಕಿಗಿಂತ ಗೆರೆ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ. ಗೆರೆ ಮಲಗಿದರೆ ಅಥವಾ ಇಳಿದರೆ ಮೊದಲು ಸರಿಯ ಗಟ್ಟಿತನ, ಊಟದ ಸಲ, ಎಣ್ಣೆ ತುಪ್ಪ ನೋಡಿ, ಆಮೇಲೆ ವೈದ್ಯರಿಗೆ ತೋರಿಸಿ. ತೀರ ಬಡವಾದ ಕೂಸುಗಳನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಇರಿಸಿಕೊಂಡು ನೋಡುತ್ತಾರೆ. ಒಂಬತ್ತು ತಿಂಗಳಿಗೆ ದಡಾರ ಲಸಿಕೆಯ ಜೊತೆ ವಿಟಮಿನ್ ಎ ಕೊಡುತ್ತಾರೆ, ತಪ್ಪಿಸಬೇಡಿ.

ವರ್ಷ ತುಂಬಿದ ಮೇಲೆ ಮನೆಯವರ ಊಟವೇ ಕೂಸಿನ ಊಟ, ಖಾರ ಬಿಟ್ಟು, ಉಪ್ಪು ಕಡಿಮೆ ಮಾಡಿ. ಆಗ ಹಸುವಿನ ಹಾಲು ಕೊಡಬಹುದು, ದಿನಕ್ಕೆ ಅರ್ಧ ಲೀಟರ್ ದಾಟದಂತೆ. ಹಾಲೇ ಹೊಟ್ಟೆ ತುಂಬಿದರೆ ಮತ್ತೆ ಊಟಕ್ಕೆ ಜಾಗ ಇಲ್ಲ. ಎದೆಹಾಲು ಎರಡು ವರ್ಷದವರೆಗೂ, ಅದರಾಚೆಗೂ ಮುಂದುವರಿಯಲಿ.